ಆಗವಲ್ದ್ಯಾಕ

ಪೀಣ್ಯದ ಆಸ್ಪತ್ರೆಯೊಂದರ ನರಶಸ್ತ್ರಚಿಕಿತ್ಸಾ ವಿಭಾಗದ ಚರಿತ್ರೆಯಲ್ಲಿ ಅತ್ಯಂತ ಗಂಭೀರವೆಂದು ದಾಖಲಾಗಬೇಕಾದ ಸಂಗತಿಯೆಂದರೆ, ಒಂದು ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಒಬ್ಬ ರೋಗಿ ಒಂದೇ ಒಂದು ಪದ ನುಡಿದದ್ದು.

ರೋಗಿ ಭರಮಪ್ಪ. ಊರು ಬಾದಾಮಿ ಕಡೆ, ವಾಸ ರಾಜಗೋಪಾಲನಗರ, ಕೆಲಸ ಗ್ರೈಂಡಿಂಗ್ ಮಷೀನಿನ ಮುಂದೆ. ತಲೆಯ ಎಡಭಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಒಪ್ಪಿಗೆಪತ್ರಕ್ಕೆ ಹಿಂದಿನ ದಿನವೇ ಸಹಿ ಹಾಕಿದ್ದ. ಆದರೂ ಥಿಯೇಟರಿಗೆ ಕರೆದೊಯ್ಯುವ ಮುನ್ನ ಇನ್ನೊಮ್ಮೆ ಬಾಯಿಬಿಟ್ಟು ಕೇಳುವುದು ಡಾಕ್ಟರ್ ಸುಕೃತಿಯ ಪದ್ಧತಿ.

“ಇವತ್ತು ಆಪರೇಷನ್ ಆಗ್ಬಹುದಲ್ವಾ, ಭರಮಪ್ಪೋರೇ?”

“ಆಗವಲ್ದ್ಯಾಕ್ರಿ.”

ಸುಕೃತಿ ಹುಟ್ಟಿ ಬೆಳೆದದ್ದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಶಾಲೆಯಲ್ಲಿ ಕನ್ನಡಕ್ಕೆ ನೂರಕ್ಕೆ ತೊಂಬತ್ತೆಂಟು. ಅವಳ ಕಿವಿಗೆ ಬಿದ್ದದ್ದು ‘ಆಗಲ್ಲ’ ಮತ್ತು ‘ಯಾಕೆ’. ಬೇಡ ಅನ್ನುತ್ತಿದ್ದಾನೆಯೇ? ಯಾಕೆಂದು ಕೇಳುತ್ತಿದ್ದಾನೆಯೇ? ಅವನೋ ಫ್ಯಾನ್ ನೋಡುತ್ತ ಮಲಗಿದ್ದ.

ಹಿರಿಯ ಸರ್ಜನ್ ಸುಬ್ರಹ್ಮಣ್ಯ ಥಿಯೇಟರಿನತ್ತ ಹೊರಟಿದ್ದವರು ನಿಂತರು. “ಸಹಿ ಇದೆಯಲ್ಲಮ್ಮ?”

“ಬಾಯಲ್ಲಿ ಬೇಡ ಅಂದ ಹಾಗಿದೆ ಸಾರ್.”

“ಹಾಗಿದೆ ಅಂದ್ರೇನು? ಅವನೂ ಕನ್ನಡ, ನೀನೂ ಕನ್ನಡ. ಟ್ರಾನ್ಸ್‌ಲೇಟರ್ ಕರೆಸ್ಲಾ?”

ಟ್ರಾನ್ಸ್‌ಲೇಟರ್ ಬಾಗಿಲಲ್ಲೇ ಇದ್ದಳು: ಭರಮಪ್ಪನ ಹೆಂಡತಿ ಮಲಕವ್ವ. “ಅಯ್ಯ, ಹಂಗಂದ್ರ ಆಗಲಿ ಅಂತ್ರಿ.”

“ಹಾಗಾದ್ರೆ ಒಪ್ಪಿಗೆ?”

“ಒಪ್ಪಿಗಿ ಅಲ್ರಿ...” ಮಲಕವ್ವ ತಡವರಿಸಿದಳು. “ಏನರ ಆಗ್ಲಿ, ನನಗೇನು, ಅಂತ.”

ಈಗ ಸುಕೃತಿಗೆ ಪದ ತಿಳಿಯಿತು, ಮಿಕ್ಕದ್ದೆಲ್ಲ ಗೊಂದಲವಾಯಿತು. ‘ನನಗೇನು’ ಎಂಬುದಕ್ಕೆ ಒಪ್ಪಿಗೆಪತ್ರದಲ್ಲಿ ಕಾಲಂ ಇರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತಳು.

“ನಿನ್ನೆ ನಾನು ಹೇಳಿದ್ದು ಅರ್ಥ ಆಯ್ತಾ ನಿಮಗೆ?”

“ಡೆಫಿಸಿಟ್ ಆಗಬಹುದು ಅಂದ್ರಿ ನೀವು. ಡಿಪಾಜಿಟ್ ಕಟ್ಟೀವ್ರಿ ಅಂದ್ನಿ ನಾನು.”

ಹೌದು, ಅಂದಿದ್ದ. ಅವಳೂ ತಲೆಯಾಡಿಸಿ ಸಹಿ ಹಾಕಿಸಿಕೊಂಡಿದ್ದಳು.

“ಡೆಫಿಸಿಟ್ ಅಂದ್ರೆ ನಷ್ಟ. ಗಡ್ಡೆ ತೆಗೀವಾಗ ಮಾತು ಹೋಗ್ಬಹುದು. ಬಲಗೈ ಹಿಡಿತ ಹೋಗ್ಬಹುದು. ತೆಗೀದಿದ್ರೂ ಒಂದಿನ ಎರಡೂ ಹೋಗುತ್ತೆ.”

ಭರಮಪ್ಪ ಫ್ಯಾನಿನಿಂದ ಕಣ್ಣು ಕಿತ್ತು ತನ್ನ ಬಲಗೈ ನೋಡಿಕೊಂಡ. “ಯಾವ್ದು ಹೋಗ್ತೈತಿ ಅಂತ ನಿಮಗ ಗೊತ್ತೈತೇನ್ರಿ?”

“ಇಲ್ಲ.”

“ದೊಡ್ಡ ಡಾಕ್ಟರಿಗೆ?”

ಸುಬ್ರಹ್ಮಣ್ಯ ಗಡಿಯಾರ ನೋಡಿದರು. “ಇಲ್ಲಪ್ಪ.”

“ಹಂಗಾದ್ರ ಇವತ್ತು ಒಲ್ಲೆ. ವಿಚಾರ ಮಾಡಬೇಕು.”

ಇದು ಎಲ್ಲರಿಗೂ ತಿಳಿಯಿತು.

ಆ ದಿನದ ಥಿಯೇಟರ್ ಬೆನ್ನುಮೂಳೆಯ ರೋಗಿಯೊಬ್ಬರಿಗೆ ಹೋಯಿತು. ಗುರುವಾರ ಭರಮಪ್ಪ “ಮಾಡ್ರಿ” ಅಂದ. ಮಾಡಿದರು. ಮಾತು ಉಳಿಯಿತು, ಬಲಗೈಯ ಹಿಡಿತ ಉಳಿಯಲಿಲ್ಲ.