ಲಾಟೀನು ಮೊದಲು

"ಹಾಗಲ್ಲ, ಹೀಗೆ," ಎನ್ನುತ್ತ ಬಡಗಿ ಪೆಟ್ಟಿಗೆಗೆ ಬಿಗಿದ ಬಾವಿ ಹಗ್ಗದ ಗಂಟನ್ನು ಮೂರನೆಯ ಸಲ ಬಿಚ್ಚಿದ. ಪೆಟ್ಟಿಗೆ ಅವನೇ ಮಾಡಿದ್ದು. ಮುಚ್ಚಳ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂತಿತ್ತು. ಗಂಟಿನ ವಿಷಯದಲ್ಲಿ ಮಾತ್ರ ಅವನಿಗೆ ಧೈರ್ಯವಿರಲಿಲ್ಲ. ಒಳಗೆ ಮಲಗಿದ್ದವನು ಊರಿಗೆಲ್ಲ ಹಗ್ಗದಣ್ಣ. ಬಾವಿಗೆ ಬಿದ್ದದ್ದು ಕೊಡವಿರಲಿ, ಕುರಿಯಿರಲಿ, ಕುಡುಕನಿರಲಿ, ನಲವತ್ತು ವರ್ಷ ಭೇದವಿಲ್ಲದೆ ಮೇಲೆತ್ತಿದವನು. ಗಂಟು ಸಡಿಲವಾದರೆ ಈಗಲೂ ಎದ್ದು ಬಂದು ಬೈದಾನು ಎಂದು ನೆರೆದವರಿಗೆಲ್ಲ ಅನಿಸುತ್ತಿತ್ತು.

"ಅಣ್ಣ ಇದ್ದಿದ್ರೆ ನಿನ್ನ ಕೈ ಮೇಲೆ ಒಂದು ಬೀಳ್ತಿತ್ತು ನೋಡು," ಎಂದು ಹಾಲಿನವನು ನಗಿಸಿ, "ಕರು ಕಟ್ಟೋದು ಮರೆತೇ ಬಂದೆ, ಒಂದು ಗಳಿಗೆ," ಎಂದು ಎದ್ದು ಹೋದ.

ಹೊಸ್ತಿಲ ಮೇಲೆ ಕೂತಿದ್ದ ಹಗ್ಗದಣ್ಣನ ಹೆಂಡತಿಯೂ ನಕ್ಕಳು. ಅತ್ತದ್ದೆಲ್ಲ ಬೆಳಿಗ್ಗೆಯೇ ಮುಗಿದಿತ್ತು. ಎಪ್ಪತ್ತೆಂಟು ವರ್ಷ, ತನ್ನದೇ ಹಾಸಿಗೆ, ನಿದ್ದೆಯಲ್ಲಿ ಸಾವು. ಅಷ್ಟೊಂದು ಬಾವಿಗಳ ಕೈಗೆ ಸಿಗದ ಗಂಡನನ್ನು ಅವಳು ಜೋಪಾನವಾಗಿ ನಿದ್ದೆಯ ಕೈಗೆ ಒಪ್ಪಿಸಿದ್ದಳು. ದುಃಖದೊಳಗೇ ಅದೊಂದು ಹೆಮ್ಮೆ.

"ಪೆಟ್ಟಿಗೆ ಇಳಿಸಿದ ಮೇಲೆ ಹಗ್ಗ ವಾಪಸ್ ಎಳೀಬೇಡಪ್ಪ," ಎಂದಳು. "ಅದು ಅವರ ಜೊತೆಗೇ ಹೋಗ್ಲಿ."

ಬಡಗಿಯ ಮುಖ ಸಪ್ಪಗಾಯಿತು. ಹತ್ತು ವರ್ಷ ಅಣ್ಣನ ಬೆನ್ನ ಹಿಂದೆ ಹಗ್ಗ ಹಿಡಿದವನು. ಇನ್ನು ಮೇಲೆ ಅದು ತನ್ನ ಮನೆಯ ಗೂಟದಲ್ಲಿ ಎಂದುಕೊಂಡಿದ್ದ. "ಅಲ್ಲ ಅಕ್ಕ, ನಾಳೆ ಯಾರಾದ್ರೂ ಬಿದ್ರೆ..."

"ಅಕ್ಕ ಹೇಳಿದ್ದು ಕೇಳಿ," ಎಂದು ಅವನ ಹೆಂಡತಿ ತಡೆದಳು. "ಆ ಹಗ್ಗ ನಮ್ಮನೆಗೆ ಬಂದ್ರೆ ಅವತ್ತಿನಿಂದ ನನ್ನ ಗಂಟಲಲ್ಲಿ ಅನ್ನ ಇಳಿಯಲ್ಲ."

ಅವಳಿಗಾಗಿಯೇ ಮುದುಕಿ ಆ ಮಾತು ಹೇಳಿದ್ದು. ಬಾವಿಕಟ್ಟೆಯ ಮೇಲೆ ಉಸಿರು ಬಿಗಿಹಿಡಿದು ನಿಲ್ಲುವ ಪಾಡು ತನಗೇ ಸಾಕು, ಇನ್ನೊಬ್ಬಳಿಗೆ ಬೇಡ.

*

ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು ಹಗ್ಗವನ್ನು ಕಾಳಿನ ಪೀಪಾಯಿಯಲ್ಲಿ ಬಚ್ಚಿಟ್ಟಿದ್ದಳು. ಯಾರೋ ಕರೆಯಲು ಬಂದಾಗ ಗಂಡ ಖಾಲಿ ಗೂಟ ನೋಡಿದ, ಅವಳ ಮುಖ ನೋಡಿದ.

"ಎಲ್ಲಿಟ್ಟೆ?"

"ಕೊಡಲ್ಲ. ತಳದಲ್ಲಿ ಕೆಟ್ಟ ಗಾಳಿ ಇರುತ್ತಂತೆ. ಇಳಿದೋರು ಕೂತಲ್ಲೇ ಕುಸೀತಾರಂತೆ."

"ಹೌದು. ಅದಕ್ಕೇ ಮೊದಲು ಲಾಟೀನು ಇಳಿಸೋದು. ಅದು ಆರಿದ್ರೆ ಮನುಷ್ಯ ಇಳೀಬಾರದು."

"ಆ ಗಡಿಬಿಡೀಲಿ ದೀಪ ಯಾರು ನೋಡ್ತಾರೆ?"

"ನೀನು ನೋಡು. ಬೇರೆಯವರಿಗೆಲ್ಲ ಒಳಗೆ ಬಿದ್ದಿದ್ದರ ಚಿಂತೆ. ನನ್ನ ಚಿಂತೆ ನಿನಗೊಬ್ಬಳಿಗೇ. ನೀನು ಹೂಂ ಅಂದ್ರೆ ಇಳೀತೀನಿ, ಇಲ್ಲಾಂದ್ರೆ ಇಲ್ಲ."

ಆಮೇಲೆ ಎಷ್ಟೋ ಸಲ ಅವಳು ಹೂಂ ಅನ್ನಲಿಲ್ಲ. ಊರೇ ಕೂಗಾಡಿದರೂ ಅವನು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಒಳ್ಳೆಯ ಮಗುವಿನ ಹಾಗೆ ಅವಳ ಬಾಯಿಯನ್ನೇ ನೋಡುತ್ತ ಕೂತಿರುತ್ತಿದ್ದ.

*

ಪೆಟ್ಟಿಗೆ ಎತ್ತಲು ನಾಲ್ವರು ಬಗ್ಗಿದ್ದರು. "ಅಣ್ಣಾ! ಹಗ್ಗದಣ್ಣಾ! ಬೇಗ ಬಾ, ಕರು ಬಾವಿಗೆ ಬಿತ್ತು!" ಎಂದು ಹಾಲಿನವನು ಅಂಗಳಕ್ಕೆ ಓಡಿಬಂದ. ಪೆಟ್ಟಿಗೆ ಕಂಡದ್ದೇ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ನನ್ನ ಬಾಯಿಗಿಷ್ಟು! ಅಭ್ಯಾಸ ಅಕ್ಕ," ಎಂದ.

ಎಲ್ಲರೂ ಮುದುಕಿಯತ್ತ ತಿರುಗಿದರು. ಹಗ್ಗ ಪೆಟ್ಟಿಗೆಯ ಮೈಮೇಲಿತ್ತು.

"ನನ್ನ ಮುಖ ಏನು ನೋಡ್ತೀರಿ? ಬಿಚ್ಚಿ," ಎಂದಳು ಮುದುಕಿ. "ಅವರಿಗೇನೂ ಅವಸರ ಇಲ್ಲ."

ಬಡಗಿ ಹಗ್ಗ ಬಿಚ್ಚಿಕೊಂಡು ಓಡಿದ, ಎಲ್ಲರೂ ಓಡಿದರು. ಹಾಲಿನವನ ಹಿತ್ತಲ ಪಾಳು ಬಾವಿಯ ತಳದಲ್ಲಿ ಕರು ಮಂಕಾಗಿ ನಿಂತಿತ್ತು. ಬಡಗಿ ಸೊಂಟಕ್ಕೆ ಹಗ್ಗ ಬಿಗಿದು, ಒಂದು ಕಾಲನ್ನು ಕಟ್ಟೆಯಾಚೆ ಹಾಕಿಯೂ ಆಗಿತ್ತು.

"ಲಾಟೀನು ಎಲ್ಲೋ?"

ಹಾಗೆಂದು ಗದರುತ್ತ ಮುದುಕಿ ಬರಿಗಾಲಲ್ಲಿ ಏದುಸಿರು ಬಿಡುತ್ತ ಬಂದಳು, ಕೈಯಲ್ಲಿ ಉರಿಯುವ ಲಾಟೀನು. ಹಾಲಿನವನು, "ಅಕ್ಕ, ಅಷ್ಟರಲ್ಲಿ ಕರು..." ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಡಗಿಯ ಹೆಂಡತಿಯನ್ನು ರಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡು, ತೆಳು ಹುರಿಯಲ್ಲಿ ಲಾಟೀನು ಇಳಿಸಿದಳು.

"ಕರು ನೋಡಬೇಡ, ದೀಪ ನೋಡು."

ತಳ ಮುಟ್ಟುವ ಮೊದಲೇ ದೀಪ ಕುಗ್ಗಿತು, ನೀಲಿಯಾಯಿತು, ಆರಿತು.

ಬಡಗಿಯ ಹೆಂಡತಿ ಗಂಡನ ಅಂಗಿ ಹಿಡಿದು ಹಿಂದಕ್ಕೆಳೆದಳು. ಅವನು ಬೆವರುತ್ತ ಕುಕ್ಕರಿಸಿದ. "ಮರೆತೇಬಿಟ್ಟೆ ಅಕ್ಕ."

"ನೀನು ಮರೆಯೋನೇ. ಅದಕ್ಕೇ ಇವಳು ಬೇಕು."

ಸೊಪ್ಪಿನ ಕೊಂಬೆಗಳನ್ನು ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಎರಡನೆಯ ಸಲ ದೀಪ ಆರಿತು. ಮೂರನೆಯ ಸಲ ತಳದಲ್ಲಿ ನಿಂತು ಉರಿಯಿತು. ಮುದುಕಿ ತೀರ್ಮಾನವನ್ನು ಬಡಗಿಯ ಹೆಂಡತಿಗೇ ಬಿಟ್ಟಳು. ಅವಳು ಬಹಳ ಹೊತ್ತು ದೀಪ ನೋಡಿ, ಕೊನೆಗೆ, "ಹೂಂ," ಎಂದಳು.

ಮೇಲೆ ಬಂದ ಕರು ಸ್ವಲ್ಪ ಹೊತ್ತು ಬಿದ್ದುಕೊಂಡಿತ್ತು. ಆಮೇಲೆ ಕೊಡವಿಕೊಂಡೆದ್ದು, ಶವಯಾತ್ರೆಗೆಂದು ಇಸ್ತ್ರಿ ಮಾಡಿ ಹಾಕಿಕೊಂಡವರ ಬಟ್ಟೆಗೆಲ್ಲ ಕೆಸರು ಸಿಡಿಸಿತು.

*

ಹಾಗೆ ಆ ಮಧ್ಯಾಹ್ನ ಕೆಸರಿನ ಮೈಯವರೇ ಹಗ್ಗದಣ್ಣನನ್ನು ಸ್ಮಶಾನಕ್ಕೆ ಹೊತ್ತು ತಂದರು. ಅವನಿಗೆ ಇದಕ್ಕಿಂತ ಒಪ್ಪುವ ಮೆರವಣಿಗೆ ಇರಲಿಲ್ಲ ಎಂದು ಅವಳಿಗನಿಸಿತು. ಬಡಗಿ ಈ ಸಲ ಒಂದೇ ಯತ್ನಕ್ಕೆ ಗಂಟಿಲ್ಲದೆ, ಹಗ್ಗವನ್ನು ಪೆಟ್ಟಿಗೆಯ ಅಡಿಯಲ್ಲಿ ಎರಡು ಕಡೆ ತೂರಿಸಿ, ಮಡಿಕೆಯನ್ನು ಎದುರಿನವರ ಕೈಗೆ ಕೊಟ್ಟು, ಎರಡೂ ತುದಿ ತಾನು ಹಿಡಿದ.

"ತಡಿ," ಎಂದಳು ಮುದುಕಿ.

ಲಾಟೀನು ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಹುರಿಯಲ್ಲಿ ನಿಧಾನವಾಗಿ ಗುಂಡಿಯೊಳಗೆ ಬಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಹಸಿಮಣ್ಣಿನ ನಡುವೆ ದೀಪ ಅಲುಗದೆ ನಿಂತಿತು.

"ಏನಂತೀಯೇ?"

"ಉರೀತಿದೆ ಅಕ್ಕ," ಎಂದಳು ಬಡಗಿಯ ಹೆಂಡತಿ. ಅವಳ ಕಣ್ಣು ತುಂಬಿತ್ತು.

"ಹೂಂ. ಇಳೀಲಿ ಹಾಗಾದ್ರೆ."

ಲಾಟೀನು ಮೇಲೆ ಬಂತು, ಪೆಟ್ಟಿಗೆ ಕೆಳಗೆ ಹೋಯಿತು. ತಳ ಮುಟ್ಟಿದ ಸದ್ದಾದಾಗ ಬಡಗಿ, ಹಗ್ಗ ಬಿಡಲೋ ಬೇಡವೋ ತಿಳಿಯದೆ ಅವಳತ್ತ ನೋಡಿದ. ಅವಳು ಲಾಟೀನನ್ನು ಅವನ ಹೆಂಡತಿಯ ಕೈಗಿತ್ತು, ಅವನ ಕೈಯಿಂದ ಹಗ್ಗದ ಒಂದು ತುದಿ ತೆಗೆದುಕೊಂಡು, ಕೈ ಮೇಲೆ ಕೈಯಿಟ್ಟು ಎಳೆಯತೊಡಗಿದಳು. ಒದ್ದೆ ಹಗ್ಗ ಪೆಟ್ಟಿಗೆಯ ಅಡಿಯಿಂದ ಜಾರಿ ಜಾರಿ ಮೇಲೆ ಬಂದು, ಅವಳ ಕಾಲ ಬಳಿ ಸುರುಳಿ ಸುರುಳಿಯಾಗಿ ಕೂತಿತು.