ಇಪ್ಪತ್ತೆಂಟನೆಯ ದಿನದ ನಗು

ನನ್ನ ತಂಗಿಯ ಮೂರ್ಛೆ ಶುರುವಾಗುವುದೇ ನಗುವಿನಿಂದ. ಕಾರಣವಿಲ್ಲದೆ ಕಿಲಕಿಲ ನಗುತ್ತಾಳೆ, ಆಮೇಲೆ ಕಣ್ಣು ಮೇಲಾಗಿ ಬೀಳುತ್ತಾಳೆ. ಹದಿನೈದು ವರ್ಷದಿಂದ ಇದೇ ಗೋಳು. ನಕ್ಕಳೆಂದರೆ ಓಡಬೇಕು, ಮಗ್ಗುಲಿಗೆ ಮಲಗಿಸಬೇಕು, ನಿಲ್ಲುವವರೆಗೆ ಎಣಿಸಬೇಕು. ನಿಜವಾದ ನಗುವೋ ರೋಗದ ನಗುವೋ ಎಂದು ನೋಡುತ್ತ ಕೂರಲು ಪುರುಸೊತ್ತು ಯಾರಿಗಿದೆ? ಅದಕ್ಕೇ ನಮ್ಮ ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಮೊದಮೊದಲು ಭಯವಾಗುತ್ತಿತ್ತು, ಆಮೇಲೆ ಸಿಟ್ಟು. ಈಗ ನನಗೆ ಏನೂ ಆಗುವುದಿಲ್ಲ.

ಹೋದ ತಿಂಗಳು ಡಾಕ್ಟರಮ್ಮ ಅವಳ ತಲೆಯೊಳಗೆ ಕೂದಲೆಳೆಯಂಥ ನಳಿಕೆ ಇಟ್ಟರು. ಕೆರಳಿದ ನರಕೋಶಗಳನ್ನು ಸುಮ್ಮನಾಗಿಸುವ ರಾಸಾಯನಿಕ ಮೆದುಳಿನಲ್ಲೇ ಇರುತ್ತದಂತೆ. ಇವಳಿಗೆ ಅದು ಬೇಕಾದ ಜಾಗದಲ್ಲಿ ಸಾಲದು. ಮೂರ್ಛೆಯ ಸುಳಿವು ಸಿಕ್ಕೊಡನೆ ನಳಿಕೆ ಅದನ್ನು ಅಲ್ಲಿಗೇ ಬಿಡುತ್ತದೆ.

"ಮೂವತ್ತು ದಿನ ನೋಡೋಣ. ದಿನಾ ಪುಸ್ತಕದಲ್ಲಿ ಬರೀರಿ. ಒಂದ್ಸಲ ಬಂದ್ರೂ ಇದು ಇವ್ರಿಗೆ ಆಗಿಬರಲ್ಲ ಅಂತ ತೆಗೆದುಬಿಡ್ತೀವಿ," ಎಂದರು. ಅದನ್ನು ತೆಗೆದರೆ ಆಮೇಲೆ ಬೇರೆ ದಾರಿ ಇರಲಿಲ್ಲ.

ಇಪ್ಪತ್ತೇಳು ದಿನ 'ಇಲ್ಲ' ಎಂದು ಬರೆದೆ. "ಖುಷಿಯಾಯ್ತೇನ್ರೀ?" ಎಂದು ಪಕ್ಕದ ಮನೆಯಾಕೆ ಕೇಳಿದಳು.

"ಆದಾಗ ಹೇಳಿ ಕಳಿಸ್ತೀನಿ," ಎಂದೆ.

ಇಪ್ಪತ್ತೆಂಟನೆಯ ಬೆಳಿಗ್ಗೆ ಗಿರಾಕಿಗಳ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ನನ್ನ ಕಸುಬೇ ಅದು. ತಂಗಿ ಎದುರಿಗೆ ಕೂತು ಗುಂಡಿ ಹೊಲಿಯುತ್ತಿದ್ದಳು. ಬಿಳಿ ಅಂಗಿಗೆ ನೀರು ಚಿಮುಕಿಸಿದೆ, ಬಟ್ಟಲೆತ್ತಿ ಚಹಾ ಕುಡಿದೆ. ಅವಳು ನಕ್ಕಳು.

ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಹಾರಿದೆ. ಮಗ್ಗುಲಿಗೆ ಕೆಡವಿಕೊಂಡು ಎಣಿಸತೊಡಗಿದೆ. ಮುಗಿಯಿತು, ಇನ್ನೆರಡೇ ದಿನ ಇತ್ತು ಎಂದುಕೊಂಡೆ.

"ಅಕ್ಕಾ, ಬಿಡೇ! ನೀರು ಅಂದ್ಕೊಂಡು ಅಂಗಿಗೆ ಚಹಾ ಚಿಮುಕಿಸಿ, ಬಟ್ಟಲಲ್ಲಿದ್ದ ನೀರು ಕುಡಿದ್ಯಲ್ಲೇ, ನಗದೆ ಇನ್ನೇನ್ ಮಾಡ್ಲಿ?"

ಮೂರ್ಛೆ ಬಂದವರು ಹೀಗೆ ಮಾತಾಡುವುದಿಲ್ಲ, ಅದು ನನಗೂ ಗೊತ್ತು. ಕೈ ಮಾತ್ರ ಬಿಡಲೊಲ್ಲದು. ಹನ್ನೆರಡು, ಹದಿಮೂರು.

"ಅಂಗಿ ಸುಡ್ತಿದೆ ಕಣೇ."

"ಸುಟ್ಟು ಬೂದಿಯಾಗ್ಲಿ. ಅಲ್ಲಾಡಬೇಡ."

ಅವಳು ಬಿಡಿಸಿಕೊಳ್ಳಲಿಲ್ಲ. ನನ್ನ ಕೈಮೇಲೆ ಕೈಯಿಟ್ಟು ತಾನೂ ಎಣಿಸಿದಳು. ಕೋಣೆ ತುಂಬ ಸುಟ್ಟ ವಾಸನೆ. ನೂರಕ್ಕೆ ಬಂದಾಗ ಎದ್ದು ಇಸ್ತ್ರಿಪೆಟ್ಟಿಗೆ ಆರಿಸಿದಳು, ಪುಸ್ತಕ ತಂದು ನನ್ನ ಮುಂದಿಟ್ಟಳು. 'ಇಲ್ಲ' ಎಂದು ಬರೆಯಲು ಹೋದೆ. ಅಕ್ಷರ ಕಾಣಿಸಲಿಲ್ಲ, ಬಿಕ್ಕಿ ಬಿಕ್ಕಿ ಅಳು ಬಂದುಬಿಟ್ಟಿತು.

ತಂಗಿ ಸೆರಗಿನಿಂದ ನನ್ನ ಮೂಗು ಒರೆಸಿದಳು.

"ಪಕ್ಕದ ಮನೆಯವ್ರಿಗೆ ಹೇಳಿ ಬರ್ಲಾ ಅಕ್ಕ?"