ಕೆಳಹಾಸಿನ ನಾಲ್ಕನೆಯ ಮೂಲೆ

ದೊಡ್ಡಕ್ಕನ ಕೋಪ ಮೊದಲು ಕಾಣಿಸುತ್ತಿದ್ದದ್ದು ತೋಳಿನಲ್ಲಿ. ಮುಖ ತಣ್ಣಗೇ ಇರುತ್ತಿತ್ತು, ದನಿ ಏರುತ್ತಿರಲಿಲ್ಲ. ಆದರೆ ಬಿಳಿ ಕೋಟಿನ ತೋಳು ಒಂದೊಂದೇ ಮಡಿಕೆಯಾಗಿ ಮೇಲೇರತೊಡಗಿತೆಂದರೆ, ಮಹಾರಥಿಯೊಬ್ಬ ಬಿಲ್ಲಿಗೆ ಹೆದೆಯೇರಿಸಿದಂತೆ, ವಾರ್ಡಿನ ನೊಣಗಳೂ ರೆಕ್ಕೆ ಮಡಚಿ ಕೂರುತ್ತಿದ್ದವು. ಮೊಣಕೈಗೆ ಬಂದರೆ ಯಾರಿಗೋ ಗ್ರಹಚಾರ. ಮೊಣಕೈ ದಾಟಿದ್ದು ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಸಲ.

ಹಾಸಿಗೆ ಹಿಡಿದ ಮುದುಕರಿಗಾಗಿ ಧರ್ಮಸಂಸ್ಥೆಯೊಂದು ದೇವರ ಹೆಸರಿನಲ್ಲಿ ನಡೆಸುವ ಆಸ್ಪತ್ರೆ ಅದು. ದೊಡ್ಡಕ್ಕ ಅಲ್ಲಿನ ಮುಖ್ಯ ದಾದಿ. ಸಂಸ್ಥೆಯದೇ ಧರ್ಮದವಳು, ಪ್ರಾರ್ಥನೆ ತಪ್ಪಿಸದವಳು. ಅವಳ ಕೈಕೆಳಗೆ ನಾಲ್ಕು ಧರ್ಮದವರಿದ್ದರು. ಯಾವ ಧರ್ಮವೂ ಬೇಡವೆನ್ನುವ ಎಣಿಕೆಯಣ್ಣನೂ ಇದ್ದ. ಮಲಗಿದಲ್ಲೇ ಹುಣ್ಣಾಗದಂತೆ ರೋಗಿಯ ಮಗ್ಗುಲು ಬದಲಿಸಬೇಕಾದರೆ ಮೈಯಡಿಯ ಕೆಳಹಾಸಿನ ಬಟ್ಟೆಯ ನಾಲ್ಕು ಮೂಲೆಗೆ ನಾಲ್ವರು ಬೇಕು, ನಾಲ್ವರೂ ಒಮ್ಮೆಲೇ ಎತ್ತಬೇಕು. "ಒಂದು, ಎರಡು, ಮೂರು!" ಎಂದು ಅವನು ಎಣಿಸಿದರೆ ಎಂಥ ಭಾರದ ದೇಹವೂ ಹೂವಿನಂತೆ ಏಳುತ್ತಿತ್ತು.

ಹೀಗಿರುವಾಗ ಹೊಸ ಆಡಳಿತಾಧಿಕಾರಿ ಬಂದರು. ಎರಡು ದಿನದ ತರಬೇತಿಯೆಂಬ ಘೋರ ತಪಸ್ಸಿನಿಂದ ಒಗ್ಗಟ್ಟೆಂಬ ದಿವ್ಯಾಸ್ತ್ರ ಪಡೆದವರು. ದಿನವೂ ಎಂಟಕ್ಕೆ ಸಿಬ್ಬಂದಿಯೆಲ್ಲ ಅಂಗಳದಲ್ಲಿ ಕೈ ಕೈ ಹಿಡಿದು ವೃತ್ತವಾಗಿ ನಿಲ್ಲಬೇಕು. ಸೋಮವಾರ ಒಂದು ಧರ್ಮದ ಪ್ರಾರ್ಥನೆ, ಮಂಗಳವಾರ ಇನ್ನೊಂದರದು. ಒಗ್ಗಟ್ಟು ಎಷ್ಟು ಬೆಳೆಯಿತೆಂದು ನೋಡಲು ಹಾಜರಿ ಪುಸ್ತಕ. ಮಗ್ಗುಲು ಬದಲಿಸುವ ಹೊತ್ತೂ ಎಂಟೇ ಎಂಬ ಸಣ್ಣ ವಿಷಯ ತರಬೇತಿಯಲ್ಲಿ ಬಂದಿರಲಿಲ್ಲ. ಎಣಿಕೆಯಣ್ಣ ವಾರ್ಡು ಬಿಡಲಿಲ್ಲ. ಒಬ್ಬನೇ ಎಷ್ಟಾಗುತ್ತದೋ ಅಷ್ಟು ಮಾಡಿದ. ವೃತ್ತ ಮುಗಿಸಿ ಬಂದವರಿಗೆ ಔಷಧಿ, ತಿಂಡಿಯ ಗಡಿಬಿಡಿ; ಉಳಿದ ಮಗ್ಗುಲು ಹಾಗೇ ಉಳಿಯುತ್ತಿತ್ತು. ನಲವತ್ತು ಗೈರುಹಾಜರಿ ಆದ ಮೇಲೆ ಪತ್ರ ಬಂತು: ತಂಡದ ಮನೋಭಾವವಿಲ್ಲ, ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ.

"ಯಾಕಪ್ಪ, ನನಗೊಂದು ಮಾತು ಹೇಳೋಕೇನಾಗಿತ್ತು?" ಎಂದಳು ದೊಡ್ಡಕ್ಕ.

"ನೀವೂ ಅಲ್ಲೇ ಕೈ ಹಿಡ್ಕೊಂಡು ನಿಂತಿದ್ರಲ್ಲ ಅಕ್ಕ," ಎಂದ ಅವನು. ಆಮೇಲೆ ವಾರ್ಡಿನಲ್ಲಿ ಮಲಗಿದ್ದ ನಿವೃತ್ತ ಮೇಷ್ಟರೊಬ್ಬರ ಹೊದಿಕೆ ಸರಿಸಿ ತೋರಿಸಿದ. ಸೊಂಟದಲ್ಲಿ ಅಂಗೈಯಗಲ ಹುಣ್ಣು.

ಮರುದಿನ ಎಂಟಕ್ಕೆ ಅವಳು ಅಂಗಳಕ್ಕೆ ಬಂದಾಗ ತೋಳು ಮೊಣಕೈ ದಾಟಿತ್ತು. "ಇವತ್ತು ಪ್ರಾರ್ಥನೆ ಒಳಗೆ. ಬನ್ನಿ ಸಾರ್," ಎಂದು ಅಧಿಕಾರಿಗಳನ್ನು ಕರೆದೊಯ್ದು, ಮೇಷ್ಟರ ಕೆಳಹಾಸಿನ ನಾಲ್ಕನೆಯ ಮೂಲೆಯನ್ನು ಅವರ ಕೈಗಿತ್ತಳು.

"ಒಂದು, ಎರಡು..." ಎಂದ ಎಣಿಕೆಯಣ್ಣ. ಅಧಿಕಾರಿಗಳು ಎರಡಕ್ಕೇ ಎತ್ತಿಬಿಟ್ಟರು. ಹಾಸು ವಾಲಿತು.

"ಯಾವನಯ್ಯ ಇವನು?" ಮೇಷ್ಟರು ಗುಡುಗಿದರು. "ಮೂರರ ತನಕ ಎಣಿಸೋಕೆ ಬರಲ್ವಾ?"

ಹುಣ್ಣು ಕಂಡ ಅಧಿಕಾರಿಗಳು ಮುಖ ತಿರುಗಿಸಿದರು.

"ಇಲ್ಲಿ ನೋಡಿ ಸಾರ್," ಎಂದಳು ದೊಡ್ಡಕ್ಕ. "ನಾವೆಲ್ಲ ಕೈ ಕೈ ಹಿಡ್ಕೊಂಡು ಮಾಡಿದ್ದು ಇದು."

"ಆ ಪತ್ರ... ಪರಿಶೀಲಿಸೋಣ ದೊಡ್ಡಕ್ಕ."

"ಇನ್ನೂ ಹನ್ನೊಂದು ಹಾಸಿಗೆ ಇದೆ. ಎತ್ತುತ್ತಾ ಪರಿಶೀಲಿಸಿ."

ಏಳನೆಯ ಹಾಸಿಗೆಯ ಹೊತ್ತಿಗೆ ಪತ್ರ ರದ್ದಾಯಿತು. ಹನ್ನೊಂದನೆಯದಕ್ಕೆ ವೃತ್ತದ ವೇಳೆ ಒಂಬತ್ತೂವರೆಗೆ ಸರಿಯಿತು. ಮೂರಕ್ಕೆ ಎತ್ತುವುದನ್ನೂ ಅಧಿಕಾರಿಗಳು ಕಲಿತಿದ್ದರು.

ಎಲ್ಲರೂ ಗೆದ್ದೆವೆಂದುಕೊಂಡರು. ದೊಡ್ಡಕ್ಕನ ತೋಳು ಮಾತ್ರ ಅಂದಿನಿಂದ ಕೆಳಗಿಳಿಯಲಿಲ್ಲ. ನಲವತ್ತು ದಿನದ ತನ್ನ ಹಾಜರಿಯನ್ನು ಅವಳು ಮರೆಯಲಿಲ್ಲ. ಇಂಥವರನ್ನು ಜನ ಸಿಡುಕರೆನ್ನುತ್ತಾರೆ, ಹೊಂದಿಕೊಂಡು ಹೋಗದವರೆನ್ನುತ್ತಾರೆ. ಅನ್ನಲಿ. ನಿಜವಾದ ಭಕ್ತರ ಕೋಪ ಮೊದಲು ಸುಡುವುದು ಅವರನ್ನೇ. ಮಿಕ್ಕ ಬಿಸಿಯಲ್ಲಿ ನಮ್ಮಂಥವರು ಒಂದಿಷ್ಟು ನೆಟ್ಟಗಾಗುತ್ತೇವೆ.